ಕಥೆ ಮೊದಲು, ಲಕ್ಷಣ ಆಮೇಲೆ

ಹೋದ ವರ್ಷ ಏಳನೆಯ ಇಯತ್ತೆಯ ಘಟಕ ಪರೀಕ್ಷೆಗೆ ನಾನೇ ಒಂದು ಪ್ರಶ್ನೆ ತೆಗೆದಿದ್ದೆ: ‘ಜನಪದ ಕಥೆಯ ಲಕ್ಷಣಗಳನ್ನು ಬರೆಯಿರಿ.’ ಉತ್ತರಪತ್ರಿಕೆಗಳನ್ನು ತಿದ್ದಲು ಕುಳಿತಾಗ ಮೊದಮೊದಲು ಸಂತೋಷವೇ ಆಯಿತು. ಬಹುತೇಕ ಎಲ್ಲರೂ ಬರೆದಿದ್ದರು. ಕರ್ತೃ ಯಾರೆಂದು ತಿಳಿಯದು, ಬಾಯಿಂದ ಬಾಯಿಗೆ ಬರುತ್ತದೆ, ಕಾಲ, ಸ್ಥಳ ಇಂಥದೇ ಎಂದು ಇರುವುದಿಲ್ಲ, ಪಾತ್ರಗಳು ಸರಳ, ಮಾತುಗಳು ಮರುಕಳಿಸುತ್ತವೆ, ಕೊನೆಗೆ ನೀತಿ ಇರುತ್ತದೆ. ಹೀಗೆ ಆರು ಅಂಶಗಳು, ನಾನು ಕರಿಹಲಗೆಯ ಮೇಲೆ ಬರೆಸಿದ ಕ್ರಮದಲ್ಲಿಯೇ, ಒಂದಕ್ಷರವೂ ಆಚೀಚೆ ಆಗದಂತೆ.

ಮರುದಿನ ವರ್ಗಕ್ಕೆ ಹೋಗಿ, “ಇಷ್ಟು ಚೆನ್ನಾಗಿ ಬರೆದಿದ್ದೀರಿ. ಈಗ ಯಾರಾದರೂ ಎದ್ದು ಒಂದು ಜನಪದ ಕಥೆ ಹೇಳಿರಿ ನೋಡೋಣ” ಎಂದೆ. ಯಾರೂ ಏಳಲಿಲ್ಲ. ಮುಖ ಮುಖ ನೋಡಿಕೊಂಡರು. ಕೊನೆಗೆ ಒಬ್ಬ ಹುಡುಗ ಧೈರ್ಯ ಮಾಡಿ, “ಸರ, ಪುಸ್ತಕದಾಗಿಂದು ಹೇಳಲ್ರಿ?” ಎಂದು ಕೇಳಿದ.

ಆ ದಿನ ನಾನು ಕಲಿಸಿದ್ದು ಕನ್ನಡಿಯೊಳಗಿನ ಗಂಟು ಎಂದು ನನಗೆ ಮನವರಿಕೆಯಾಯಿತು. ಈ ಲೇಖನ ಅದರ ಫಲ.

ಐದರಿಂದ ಏಳನೆಯ ಇಯತ್ತೆಯ ಮಕ್ಕಳಿಗೆ ಜನಪದ ಕಥೆಯ ಅಂಗಗಳನ್ನು ಕಲಿಸಬೇಕೇ? ಅವಶ್ಯವಾಗಿ ಕಲಿಸಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಕಥೆಯಿಂದ ಲಕ್ಷಣದ ಕಡೆಗೆ ಹೋಗಬೇಕೇ ಹೊರತು, ಲಕ್ಷಣದಿಂದ ಕಥೆಯ ಕಡೆಗಲ್ಲ. ಆ ಕಥೆಯೂ ಮಗುವಿನ ಮನೆಯಿಂದಲೇ ಬರಬೇಕು. ಮನೆಯ ಮಾತಿನಲ್ಲಿಯೇ ಬರಬೇಕು. ಇದು ನನ್ನ ಅಭಿಪ್ರಾಯ. ಇದನ್ನು ಹೇಳಲು ನಿಮಗೇನು ಅಧಿಕಾರ ಎಂದು ಯಾರಾದರೂ ಕೇಳಿದರೆ, ತಪ್ಪು ಮಾಡಿದವನಿಗೆ ಇರುವಷ್ಟು ಅಧಿಕಾರ ಇದೆ ಎನ್ನುತ್ತೇನೆ. ಆ ತಪ್ಪನ್ನು ಮೊದಲು ಹೇಳಿಬಿಡುವುದು ಒಳ್ಳೆಯದು.

ನಾನು ನೌಕರಿಗೆ ಸೇರಿದ ಹೊಸತು. ಬೇರೊಂದು ಶಾಲೆ. ಆರನೆಯ ಇಯತ್ತೆಯಲ್ಲಿ ಒಬ್ಬ ಹುಡುಗಿ ತನ್ನ ಆಯಿ ಹೇಳಿದ ಕಥೆ ಹೇಳುತ್ತೇನೆಂದು ತಾನಾಗಿ ಎದ್ದು ನಿಂತಳು. ನಮ್ಮ ಅಕ್ಕಲಕೋಟೆ ಸೀಮೆಯ ಕನ್ನಡದಲ್ಲಿ ಅಜ್ಜಿಗೆ ಆಯಿ ಎನ್ನುತ್ತೇವೆ. ಅದೇ ಶಬ್ದ ಮರಾಠಿಯಲ್ಲಿ ತಾಯಿಗೆ. “ಒಂದೂರಾಗ ಏಳ ಮಂದಿ ಅಣ್ಣತಮ್ಮರಿದ್ರು. ಅವರಿಗಿ ಒಬ್ಬಾಕಿ ತಂಗಿ ಇದ್ಲು. ಒಂದಿನ ಆಕಿ ನೀರಿಗಿ ಹ್ವಾದ್ಲು. ಬಾವ್ಯಾಗ ಕೊಡಾ ಮುಳಗಸೂದ್ರಾಗ ಒಳಗಿಂದ ಯಾರೋ ಆಕಿ ಹೆಸರು ಹಿಡದು ಕರದ್ರು...” ಅಷ್ಟರಲ್ಲಿ ನಾನು ತಡೆದೆ. “ಹ್ವಾದ್ಲು ಅಲ್ಲ, ಹೋದಳು. ಬಾವ್ಯಾಗ ಅಲ್ಲ, ಬಾವಿಯಲ್ಲಿ. ಶುದ್ಧವಾಗಿ ಹೇಳವ್ವಾ” ಎಂದೆ. ಆಕೆ “ಬಾವಿಯಲ್ಲಿ... ಕೊಡವನ್ನು...” ಎಂದು ಎರಡು ಸಲ ತಡವರಿಸಿ ಕುಳಿತುಬಿಟ್ಟಳು. ವರ್ಗದಲ್ಲಿ ಒಂದಿಬ್ಬರು ನಕ್ಕರು. ನಾನು ಪಾಠ ಮುಂದುವರಿಸಿದೆ.

ಕೆಲವು ತಿಂಗಳ ಮೇಲೆ ಆ ಹುಡುಗಿ ನಾಲ್ಕು ದಿನ ಶಾಲೆಗೆ ಬರಲಿಲ್ಲ. ಕೇಳಿದರೆ, “ಆಯಿ ತೀರಿಕೊಂಡ್ಲ್ರಿ” ಎಂದಳು. ವರ್ಷದ ಕೊನೆಗೆ ನನಗೇ ಏನೋ ಚುಚ್ಚಿದಂತಾಗಿ, “ಅಂದಿನ ಕಥೆ ಮುಂದೇನಾಯಿತವ್ವಾ?” ಎಂದು ಕೇಳಿದೆ. “ಮರತೀನ್ರಿ ಸರ” ಎಂದಳು. ನಿಜವಾಗಿ ಮರೆತಿದ್ದಳೋ, ನನಗೆ ಹೇಳಲು ಮನಸ್ಸಿರಲಿಲ್ಲವೋ. ಬಾವಿಯೊಳಗಿಂದ ಕರೆದವರು ಯಾರು ಎಂಬುದು ನನಗೆ ಇಂದಿಗೂ ತಿಳಿಯದು. ಆಮೇಲೆ ಎಷ್ಟೋ ಕಥಾಸಂಗ್ರಹಗಳನ್ನು ಓದಿದ್ದೇನೆ. ಏಳು ಜನ ಅಣ್ಣಂದಿರ ತಂಗಿಯ ಕಥೆಗಳು ಹಲವು ಸಿಕ್ಕಿವೆ. ಆ ಆಯಿಯ ಕಥೆ ಮಾತ್ರ ಸಿಕ್ಕಿಲ್ಲ.

ಈಗ ಹೇಗೆ ಕಲಿಸಬೇಕು ಎಂಬ ಮಾತಿಗೆ ಬರೋಣ. ಒಂದು ಉದಾಹರಣೆಯಿಂದ ಹೇಳುತ್ತೇನೆ.

ಕಾಗವ್ವ–ಗುಬ್ಬವ್ವನ ಕಥೆ ಕೇಳದ ಮಗು ನಮ್ಮ ಕಡೆ ಇಲ್ಲ. ಕಾಗೆಯದು ಸಗಣಿಯ ಮನೆ, ಗುಬ್ಬಿಯದು ಕಲ್ಲಿನ ಮನೆ. ಮಳೆ ಬರುತ್ತದೆ. ಕಾಗೆಯ ಮನೆ ಕರಗಿ ಹರಿದುಹೋಗುತ್ತದೆ. ಕಾಗೆ ಗುಬ್ಬಿಯ ಬಾಗಿಲು ಬಡಿಯುತ್ತದೆ. ಗುಬ್ಬಿ, ತಾಳು, ಕೂಸಿಗೆ ಎರೆಯುತ್ತಿದ್ದೇನೆ ಎನ್ನುತ್ತದೆ. ತಾಳು, ಅಂಗಿ ತೊಡಿಸುತ್ತಿದ್ದೇನೆ ಎನ್ನುತ್ತದೆ. ತಾಳು, ತೊಟ್ಟಿಲಿಗೆ ಹಾಕುತ್ತಿದ್ದೇನೆ ಎನ್ನುತ್ತದೆ. ಹೊರಗೆ ಕಾಗೆ ತೋಯುತ್ತ ನಿಂತಿರುತ್ತದೆ.

ಪರೀಕ್ಷೆಯಾದ ಮುಂದಿನ ವಾರ ಈ ಕಥೆಯನ್ನು ನಾನು ಹೇಳಲಿಲ್ಲ, ಮಕ್ಕಳಿಂದಲೇ ಹೇಳಿಸಿದೆ. ‘ಹ್ವಾದ್ಲು’ ಎಂದರೆ ಹ್ವಾದ್ಲು, ‘ಮನಿ’ ಎಂದರೆ ಮನಿ. ತಿದ್ದಲಿಲ್ಲ. ಮೊದಲನೆಯವಳು ಮುಗಿಸುವಷ್ಟರಲ್ಲಿ ಮೂವರು ಎದ್ದು, “ಹಂಗಲ್ರೀ ಸರ, ನಮ್ಮ ಮನ್ಯಾಗ ಬ್ಯಾರೆ ಹೇಳ್ತಾರ” ಎಂದರು. ಮನೆಯಲ್ಲಿ ಮರಾಠಿ ಆಡುವ ಒಬ್ಬ ಹುಡುಗ, ಗುಬ್ಬಿಯದು ಕಲ್ಲಿನ ಮನೆಯಲ್ಲ, ಮೇಣದ ಮನೆ ಎಂದ. ಅವನ ಮನೆಯಲ್ಲಿ ಅವು ಕಾಗವ್ವ, ಗುಬ್ಬವ್ವ ಅಲ್ಲ. ಕಾವೂ ಮತ್ತು ಚಿವೂ. ಒಬ್ಬಳ ಕಥೆಯಲ್ಲಿ ಗುಬ್ಬಿ ಕೊನೆಗೂ ಬಾಗಿಲು ತೆಗೆದು ಕಾಗೆಯನ್ನು ಒಲೆಯ ಮುಂದೆ ಕೂಡಿಸಿತು. ಇನ್ನೊಬ್ಬನ ಕಥೆಯಲ್ಲಿ ತೆಗೆಯಲೇ ಇಲ್ಲ. ಯಾರದು ಸರಿ ಎಂದು ಜಗಳವೇ ಹತ್ತಿತು.

ಆ ಜಗಳವೇ ಪಾಠ. ಎಲ್ಲರದೂ ಸರಿ ಎಂದಾಗ ಮಕ್ಕಳಿಗೆ ಆಶ್ಚರ್ಯ. ಪುಸ್ತಕದ ಕಥೆಗೆ ಒಂದೇ ಪಾಠ, ಬಾಯಿಂದ ಬಂದ ಕಥೆಗೆ ಹಲವು ಪಾಠ ಎಂಬ ಮೊದಲ ಲಕ್ಷಣವನ್ನು ನಾನು ಬರೆಸಬೇಕಾಗಲಿಲ್ಲ. ಹಾಗಾದರೆ ಎಲ್ಲರ ಕಥೆಯಲ್ಲಿಯೂ ಬದಲಾಗದೆ ಉಳಿದದ್ದು ಯಾವುದು ಎಂದು ಕೇಳಿದೆ. ಕರಿಹಲಗೆಯ ಮೇಲೆ ಅವರೇ ಒಂದೊಂದಾಗಿ ಬರೆಸಿದರು. ಇಬ್ಬರೇ ಮಾತಾಡುತ್ತಾರೆ. ಒಬ್ಬರ ಮನೆ ಗಟ್ಟಿ, ಒಬ್ಬರದು ಕರಗುವಂಥದು. ಮಳೆ ಬರಲೇಬೇಕು. ಬಾಗಿಲು ಬಡಿಯುವುದು ಒಂದೇ ಸಲ ಅಲ್ಲ. ‘ತಾಳು’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಊರಿನ ಹೆಸರಿಲ್ಲ, ವರ್ಷವಿಲ್ಲ.

ಡೆನ್ಮಾರ್ಕಿನ ಆಕ್ಸೆಲ್ ಓಲ್ರಿಕ್ ಎಂಬ ವಿದ್ವಾಂಸರು 1909ರಲ್ಲಿ ಜನಪದ ಕಥನಕ್ಕೆ ಕೆಲವು ನಿಯಮಗಳಿವೆ ಎಂದು ತೋರಿಸಿದ್ದರು: ಒಂದು ಸನ್ನಿವೇಶದಲ್ಲಿ ಇಬ್ಬರೇ ಇರುವುದು, ವಿರುದ್ಧ ಗುಣದವರು ಎದುರುಬದುರಾಗುವುದು, ಮಾತು ಮತ್ತು ಘಟನೆ ಮರುಕಳಿಸುವುದು, ಮೂರರ ಸಂಖ್ಯೆಗೆ ಮಹತ್ವ. ಓಲ್ರಿಕ್ಕರ ಹೆಸರು ಕೇಳದ ನಮ್ಮ ಹಳ್ಳಿಯ ಮಕ್ಕಳು ಒಂದು ತಾಸಿನಲ್ಲಿ ಅವುಗಳಲ್ಲಿ ಬಹುಪಾಲನ್ನು ತಾವೇ ಕಂಡುಕೊಂಡರು. ಕಂಡುಕೊಂಡದ್ದನ್ನು ಮಗು ಮರೆಯುವುದಿಲ್ಲ. ಬರೆಸಿದ್ದನ್ನು ಪರೀಕ್ಷೆಯ ಮರುದಿನವೇ ಮರೆಯುತ್ತದೆ.

ನೀತಿಯ ವಿಷಯದಲ್ಲಿ ಎರಡು ಮಾತು ಹೆಚ್ಚು ಹೇಳಬೇಕಾಗಿದೆ. ಕಥೆ ಮುಗಿದೊಡನೆ ‘ಇದರ ನೀತಿ ಏನು?’ ಎಂದು ಕೇಳುವುದು ನಮ್ಮ ಶಿಕ್ಷಕರ ರೂಢಿ. ಕಾಗೆ–ಗುಬ್ಬಿಯ ಕಥೆಗೆ ‘ಮನೆಯನ್ನು ಗಟ್ಟಿಯಾಗಿ ಕಟ್ಟಿಕೊಳ್ಳಬೇಕು’ ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ನಾನು ಆ ಪ್ರಶ್ನೆ ಬಿಟ್ಟು, “ಈ ಕಥೆಯಲ್ಲಿ ನಿಮಗೆ ಯಾರು ಸೇರಲಿಲ್ಲ?” ಎಂದು ಕೇಳಿದೆ. ಹಿಂದಿನ ಸಾಲಿನ ಒಬ್ಬ ಹುಡುಗ, ಅವನ ತಾಯಿತಂದೆ ಪ್ರತಿವರ್ಷ ಕಬ್ಬು ಕಡಿಯಲು ಹೋಗುವವರು, ಎದ್ದು ನಿಂತು ಹೇಳಿದ: “ಗುಬ್ಬೀದು ತಪ್ಪ್ರಿ ಸರ. ಹೋದ ಸಲ ಅವೇಳ್ಯಾಗ ಮಳಿ ಬಂದು ನಮ್ಮ ಜೋಪಡ್ಯಾಗ ನೀರು ಹೊಕ್ಕಾಗ ನಾವು ಮಂದಿ ಬಾಗಲಕ ಹೋಗಿದ್ವಿ. ಅವರು ತೆಗದ್ರು.”

ವರ್ಗ ನಿಶ್ಶಬ್ದವಾಯಿತು. ಸಗಣಿಯ ಮನೆ ಕಟ್ಟಿದ್ದು ಕಾಗೆಯ ಸೋಮಾರಿತನವೋ, ಅದಕ್ಕೆ ಸಿಕ್ಕಿದ್ದು ಅಷ್ಟೇಯೋ ಎಂದು ಅಲ್ಲಿಯವರೆಗೆ ನಾನೂ ಯೋಚಿಸಿರಲಿಲ್ಲ. ನೀತಿಯನ್ನು ಮೊದಲೇ ಬರೆಸಿದ್ದರೆ ಆ ಹುಡುಗನ ಮಾತು ಹೊರಬರುತ್ತಿತ್ತೇ? ಅವನು ತನ್ನ ತಾಯಿತಂದೆಗಳೇ ಸೋಮಾರಿ ಕಾಗೆಗಳು ಎಂದು ಮನಸ್ಸಿನಲ್ಲಿ ನೊಂದುಕೊಂಡು ಸುಮ್ಮನೆ ಅದನ್ನೇ ಬರೆದುಕೊಳ್ಳುತ್ತಿದ್ದ.

ಇನ್ನೊಂದು ಸಂಗತಿ. ವಿದ್ಯಾರ್ಥಿಯೊಬ್ಬಳ ಆಯಿಯನ್ನು ಒಮ್ಮೆ ವರ್ಗಕ್ಕೆ ಕರೆಸಿದ್ದೆವು. ಬಂದು ಕುಳಿತವರೇ, “ಹಗಲ ಹೊತ್ತಿನ್ಯಾಗ ಕಥಿ ಹೇಳಬಾರದು ಗುರುಗಳ. ದಾರಿ ನಡಿಯೋ ಮಂದಿ ದಾರಿ ತಪ್ಪತಾರ” ಎಂದರು. ನನಗೆ ಏನು ಹೇಳಬೇಕೋ ತೋಚಲಿಲ್ಲ. ಮಕ್ಕಳೇ ಎದ್ದು ಕಿಟಕಿ ಬಾಗಿಲು ಮುಚ್ಚಿ, “ರಾತ್ರಿ ಆತು ಆಯಿ, ಈಗ ಹೇಳು” ಎಂದರು. ಅಜ್ಜಿ ನಕ್ಕು ಶುರು ಮಾಡಿದರು. ಎರಡು ಮಾತು ಹೇಳಿ ನಿಲ್ಲಿಸಿ, “ಹೂಂ ಅನ್ನವ್ರು ಯಾರು? ಹೂಂ ಅನ್ನದಿದ್ರ ಕಥಿ ಮುಂದ ಹೋಗಂಗಿಲ್ಲ” ಎಂದು ಗದರಿಸಿದರು. ಹೇಳುವವರಷ್ಟೇ ಅಲ್ಲ, ಕೇಳುವವರೂ ಕಥೆಯ ಒಂದು ಅಂಗ. ಹೇಳುವ ಹೊತ್ತೂ ಒಂದು ಅಂಗ. ನಾನು ಬರೆಸಿದ ಆರು ಅಂಶಗಳಲ್ಲಿ ಇವೆರಡೂ ಇರಲಿಲ್ಲ.

ಅವರು ಹೇಳಿದ್ದು ನರಿ–ಮೊಸಳೆಯ ಕಥೆ. ನೀರು ಕುಡಿಯಲು ಬಂದ ನರಿಯ ಕಾಲನ್ನು ಮೊಸಳೆ ಹಿಡಿಯುತ್ತದೆ. ನರಿ ನಕ್ಕು, ಎಂಥ ಹುಚ್ಚು ಮೊಸಳೆ, ಕಾಲೆಂದು ತಿಳಿದು ಗಿಡದ ಬೇರು ಹಿಡಿದಿದೆ ಎನ್ನುತ್ತದೆ. ಮೊಸಳೆ ಬಿಡುತ್ತದೆ, ನರಿ ಓಡುತ್ತದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಈ ಕಥೆಯ ನೀತಿ ಏನು? ಸುಳ್ಳು ಹೇಳಿ ಪಾರಾಗು ಎಂದೇ? ಜನಪದ ಕಥೆ ನೀತಿಪಾಠವೇ ಆಗಿರಬೇಕೆಂಬ ನಿಯಮವಿಲ್ಲ. ಬಲವಿಲ್ಲದವನು ಬಲವಂತನ ಬಾಯಿಂದ ಬುದ್ಧಿಯಿಂದ ಪಾರಾದ ಎಂಬ ಸಂತೋಷವೇ ಅದರ ಜೀವ. ಆ ಸಂತೋಷಕ್ಕೆ ನಾವು ಬಲವಂತದಿಂದ ನೀತಿಯ ಬಾಲ ಕಟ್ಟಬಾರದು.

ಇದಕ್ಕೆ ಬರುವ ಆಕ್ಷೇಪಣೆಗಳನ್ನು ನಾನು ಬಲ್ಲೆ. ಮೊದಲನೆಯದು, ಪಾಠಕ್ರಮ ಮುಗಿಸಲು ವೇಳೆ ಸಾಲದು ಎಂಬುದು. ಅದು ನಿಜ. ಆದರೆ ಲಕ್ಷಣಗಳನ್ನು ಬರೆಸಿ, ಬಾಯಿಪಾಠ ಮಾಡಿಸಿ, ಮರೆತರೆಂದು ಮತ್ತೆ ಬರೆಸಲು ಹಿಡಿಯುವ ತಾಸುಗಳನ್ನು ಎಣಿಸಿದರೆ ಇದು ಹೆಚ್ಚಲ್ಲ. ಎರಡನೆಯದು, ಮನೆಮಾತಿಗೆ ಅವಕಾಶ ಕೊಟ್ಟರೆ ಮಕ್ಕಳ ಬರವಣಿಗೆಯ ಕನ್ನಡ ಕೆಡುತ್ತದೆ ಎಂಬುದು. ಇದು ಗಡಿಯ ಶಾಲೆಯಲ್ಲಿ ಗಂಭೀರ ಮಾತು. ನಮ್ಮ ಮಕ್ಕಳು ಗ್ರಂಥಸ್ಥ ಕನ್ನಡವನ್ನು ಬಹುಮಟ್ಟಿಗೆ ಶಾಲೆಯಲ್ಲಿ ಮಾತ್ರ ಕೇಳುತ್ತಾರೆ. ಬಸ್ಸಿನ ಹಲಗೆ, ತಹಶೀಲ ಕಚೇರಿಯ ಅರ್ಜಿ ಎಲ್ಲ ಮರಾಠಿ. ಆದ್ದರಿಂದ ಶಿಷ್ಟ ಕನ್ನಡ ಕಲಿಸುವುದನ್ನು ಬಿಡಿರಿ ಎಂದು ನಾನು ಹೇಳುವುದಿಲ್ಲ. ಹೇಳುವಾಗ ಮನೆಮಾತು, ಆಮೇಲೆ ಅದೇ ಕಥೆಯನ್ನು ಬರೆಯುವಾಗ ಗ್ರಂಥಸ್ಥ ಮಾತು ಎಂದು ಎರಡು ಹೆಜ್ಜೆ ಮಾಡಿದರೆ ‘ಹ್ವಾದ್ಲು’ ಮತ್ತು ‘ಹೋದಳು’ ಎರಡೂ ಮಗುವಿಗೆ ದಕ್ಕುತ್ತವೆ. ಒಂದನ್ನು ಕೊಂದು ಇನ್ನೊಂದನ್ನು ಬೆಳೆಸಬೇಕಾಗಿಲ್ಲ.

ಮೂರನೆಯ ಆಕ್ಷೇಪಣೆ, ಹಳೆಯ ಕಥೆಗಳಲ್ಲಿ ಮಲತಾಯಿಯ ಕಾಟ, ಸೊಸೆಯ ಹಿಂಸೆ, ಕೆಲವು ಜಾತಿಯವರನ್ನು ಹಳಿಯುವ ಮಾತು ಇರುತ್ತವೆ ಎಂಬುದು. ಇದರಲ್ಲಿ ಹುರುಳಿದೆ. ವರ್ಗದಲ್ಲಿ ಕುಳಿತ ಒಂದು ಮಗುವಿನ ತಲೆ ತಗ್ಗುವಂಥ ಕಥೆಯನ್ನು ಸಂಪ್ರದಾಯದ ಹೆಸರಿನಲ್ಲಿ ಹೇಳಿಸಬಾರದು. ಉಳಿದವುಗಳನ್ನು ಮಾತ್ರ ಮುಚ್ಚಿಡದೆ, ಹೀಗೇಕೆ ಹೇಳುತ್ತಿದ್ದರು ಎಂದು ಮಕ್ಕಳೊಡನೆ ವಿಚಾರ ಮಾಡಬಹುದು. ಬೇಕಾದ ರಾಣಿ, ಬೇಡಾದ ರಾಣಿ ಎಂದು ಇಬ್ಬರಿರುವ ಕಥೆ ನಮ್ಮಲ್ಲಿದೆ. ಮರಾಠಿಯ ಆವಡತಿ, ನಾವಡತಿ ಅವರೇ. ಬೇಡಾದವಳೇ ಕೊನೆಗೆ ಗೆಲ್ಲುವಂತೆ ಹೇಳಿದ ಹೆಂಗಸರು ಯಾರಾಗಿರಬಹುದು ಎಂದು ಕೇಳಿದರೆ ಏಳನೆಯ ಇಯತ್ತೆಯ ಹೆಣ್ಣುಮಕ್ಕಳು ಬಹಳ ಜಾಣತನದ ಉತ್ತರ ಕೊಡುತ್ತಾರೆ.

ಶಿಕ್ಷಕರು ಶಾಸ್ತ್ರವನ್ನು ಓದಿರಬೇಕು. ಫಿನ್‌ಲೆಂಡಿನ ಆಂಟಿ ಆರ್ನೆ 1910ರಲ್ಲಿ ಕಥೆಗಳನ್ನು ವರ್ಗ ವರ್ಗವಾಗಿ ಎಣಿಸಿ ಸೂಚಿ ಮಾಡಿದರು. ಅಮೇರಿಕೆಯ ಸ್ಟಿತ್ ಥಾಮ್ಸನ್ 1928 ಮತ್ತು 1961ರಲ್ಲಿ ಅದನ್ನು ಬೆಳೆಸಿದರು. ರಷ್ಯದ ವ್ಲಾದಿಮಿರ್ ಪ್ರಾಪ್ 1928ರಲ್ಲಿ ಅದ್ಭುತ ಕಥೆಗಳ ನಡೆಯನ್ನು 31 ಕ್ರಿಯೆಗಳಾಗಿ ಬಿಡಿಸಿ ತೋರಿಸಿದರು. ಇವೆಲ್ಲ ಶಿಕ್ಷಕನ ಬೆನ್ನ ಹಿಂದಿನ ಬಲವಾಗಿರಲಿ. ಮಗುವಿನ ತಲೆಯ ಮೇಲಿನ ಹೊರೆಯಾಗುವುದು ಬೇಡ. ಹನ್ನೊಂದು ಹನ್ನೆರಡು ವರ್ಷದ ಮಕ್ಕಳಿಗೆ ಐದು ಪ್ರಶ್ನೆ ಸಾಕು. ಕಥೆ ಹೇಗೆ ತೊಡಗಿತು, ಹೇಗೆ ಮುಗಿಯಿತು? ಯಾರಿಗೆ ಯಾರು ಎದುರು? ಯಾವುದು ಮತ್ತೆ ಮತ್ತೆ ಬಂತು, ಎಷ್ಟು ಸಲ? ಮೊದಲಿಗೆ ಏನು ಕೊರತೆ ಇತ್ತು, ಅದು ಹೇಗೆ ತುಂಬಿತು? ಇದನ್ನು ನೀನು ಯಾರಿಂದ ಕೇಳಿದೆ, ಬೇರೆಯವರು ಹೇಗೆ ಹೇಳುತ್ತಾರೆ? ಇವುಗಳಲ್ಲಿ ಕೊನೆಯದೇ ನಮ್ಮ ಶಾಲೆಗೆ ಮುಖ್ಯ.

ಏಕೆಂದರೆ ಈ ಪಾಠಕ್ಕೆ ನಮ್ಮಂಥ ಗಡಿಶಾಲೆಗಳಲ್ಲಿ ಇರುವ ಅನುಕೂಲ ಬೇರೆಡೆ ಸುಲಭವಾಗಿ ಸಿಗಲಾರದು. ಒಂದೇ ವರ್ಗದಲ್ಲಿ ಕನ್ನಡ, ಮರಾಠಿ, ಲಂಬಾಣಿ, ಉರ್ದು ಆಡುವ ಮನೆಯ ಮಕ್ಕಳಿದ್ದಾರೆ. ಸೊಲ್ಲಾಪುರದ ನೇಕಾರ ಕೇರಿಗಳ ಕಡೆ ಹೋದರೆ ತೆಲುಗೂ ಸೇರುತ್ತದೆ. ನಮ್ಮ ಕಥೆ ‘ಒಂದೂರಾಗ’ ಎಂದು ತೊಡಗಿ ‘ಅವರಲ್ಲಿ, ನಾವಿಲ್ಲಿ’ ಎಂದು ಮುಗಿದರೆ, ಮರಾಠಿಯ ಕಹಾಣಿ ‘ಆಟಪಾಟ ನಗರ’ದಿಂದ ತೊಡಗಿ ‘ಸುಫಳ ಸಂಪೂರ್ಣ’ ಎಂದು ಮುಗಿಯುತ್ತದೆ. 1956ರಲ್ಲಿ ಭಾಷೆಯ ಹೆಸರಿನಲ್ಲಿ ರಾಜ್ಯಗಳ ಗೆರೆ ಎಳೆದಾಗ ನಾವು ಈ ಕಡೆ ಉಳಿದೆವು. ಕಾಗೆ ಗುಬ್ಬಿಗಳು ಎರಡೂ ಕಡೆ ಉಳಿದವು. ಪುಣೆಯ ಬಾಲಭಾರತಿಯವರು ನಮ್ಮ ಮಕ್ಕಳಿಗೆ ಕನ್ನಡದಲ್ಲಿಯೇ ಪಾಠಪುಸ್ತಕ ಕೊಡುತ್ತಾರೆ. ಅದು ದೊಡ್ಡ ಉಪಕಾರ. ಆದರೆ ನಮ್ಮ ಓಣಿಯ ಆಯಿಯ ಕಥೆಯನ್ನು ಅವರು ಪುಸ್ತಕದಲ್ಲಿ ಹಾಕಲಾರರು. ಆ ಪುಟ ನಾವೇ ಬರೆಯಬೇಕು.

ಬರೆಯುವ ದಾರಿಯನ್ನು ತೋರಿಸಿದವರು ದೂರದವರಲ್ಲ. ಭೀಮೆಯನ್ನು ದಾಟಿದರೆ ಸಿಗುವ ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಹೆಣ್ಣುಮಕ್ಕಳ ಬಾಯಲ್ಲಿದ್ದ ಹಾಡುಗಳನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಹೊರತಂದರು. ಅವರಲ್ಲೊಬ್ಬರಾದ ಚಡಚಣದ ಸಿಂಪಿ ಲಿಂಗಣ್ಣನವರು ಉತ್ತರ ಕರ್ನಾಟಕದ ಜನಪದ ಕಥೆಗಳನ್ನೂ ಸಂಗ್ರಹಿಸಿದರು. ಚಡಚಣ ನಮ್ಮ ಸೊಲ್ಲಾಪುರ ಜಿಲ್ಲೆಗೆ ಹತ್ತಿದ ಊರು. ಅವರು ಕಿವಿಗೊಟ್ಟ ಮಾತು ನಮ್ಮ ಮನೆಯ ಮಾತೇ.

ಆದ್ದರಿಂದ ನನ್ನ ಸೂಚನೆ ಸರಳವಾದುದು. ಐದರಿಂದ ಏಳನೆಯ ಇಯತ್ತೆಯ ಪ್ರತಿಯೊಬ್ಬ ವಿದ್ಯಾರ್ಥಿಯೂ ದೀಪಾವಳಿ ರಜೆಯಲ್ಲಿ ಒಂದೇ ಒಂದು ಕಥೆಯನ್ನು ಮನೆಯ ಹಿರಿಯರಿಂದ ಕೇಳಿ, ಅವರು ಹೇಳಿದಂತೆಯೇ ವಹಿಯಲ್ಲಿ ಬರೆದು ತರಲಿ. ಹೇಳಿದವರ ಹೆಸರು, ವಯಸ್ಸು, ಊರು, ಅವರು ಯಾರಿಂದ ಕೇಳಿದ್ದು ಎಂಬುದನ್ನು ಮೇಲ್ಗಡೆ ಬರೆಯಲಿ. ಮನೆಮಾತು ಮರಾಠಿಯೋ ಲಂಬಾಣಿಯೋ ಆಗಿದ್ದರೆ ಆ ಮಾತಿನಲ್ಲಿಯೇ ಕೇಳಲಿ, ಕನ್ನಡ ಲಿಪಿಯಲ್ಲಿ ಬರೆಯಲಿ. ಶಿಕ್ಷಕರು ಆ ವಹಿಯ ಮೇಲೆ ಕೆಂಪು ಶಾಯಿ ಹಚ್ಚಬಾರದು. ರಜೆಯ ನಂತರ ಲಕ್ಷಣಗಳ ಪಾಠ ಆ ವಹಿಗಳಿಂದಲೇ ತೊಡಗಲಿ. ಪಾಲಕರಲ್ಲಿ ಒಂದು ವಿನಂತಿ: ರಾತ್ರಿ ಊಟವಾದ ಮೇಲೆ ಮೊಬೈಲನ್ನು ಅರ್ಧ ತಾಸು ಬದಿಗಿಟ್ಟು ಮಕ್ಕಳನ್ನು ಆಯಿ–ಮುತ್ಯಾರ ಹತ್ತಿರ ಕಳಿಸಿರಿ. ಹೂಂ ಅನ್ನಲು ನೀವೂ ಕೂಡಿರಿ.

ಕೊನೆಗೆ ಒಂದು ಕಥೆ. ಎ. ಕೆ. ರಾಮಾನುಜನ್ ಅವರು ಸಂಗ್ರಹಿಸಿ ಲೋಕಕ್ಕೆ ತಿಳಿಸಿದ ಕನ್ನಡದ ಕಥೆಯಿದು. ಒಬ್ಬಾಕೆಗೆ ಒಂದು ಕಥೆ, ಒಂದು ಹಾಡು ಗೊತ್ತಿದ್ದವು. ಆಕೆ ಯಾರಿಗೂ ಕಥೆ ಹೇಳಲಿಲ್ಲ, ಹಾಡು ಹಾಡಲಿಲ್ಲ. ಒಳಗೇ ಇದ್ದು ಉಸಿರುಗಟ್ಟಿದ ಅವೆರಡೂ ಒಂದು ದಿನ ಆಕೆ ಮಲಗಿದ್ದಾಗ ಬಾಯಿಂದ ಹೊರಬಿದ್ದು, ಕಥೆ ಒಂದು ಜೊತೆ ಕೆರವಾಗಿ ಬಾಗಿಲಲ್ಲಿ ಕುಳಿತಿತು, ಹಾಡು ಗಂಡಸರ ಕೋಟಾಗಿ ಗೂಟಕ್ಕೆ ತೂಗಿತು. ಯಾರು ಬಂದಿದ್ದಾರೆ ಎಂದು ಗಂಡ ಕೇಳಿದ, ಆಕೆಗೆ ತಿಳಿಯದು. ಜಗಳವಾಗಿ ಗಂಡ ಹನುಮಂತನ ಗುಡಿಯಲ್ಲಿ ಹೋಗಿ ಮಲಗಿದ. ಊರಿನ ಮನೆಮನೆಯಲ್ಲಿ ಆರಿಸಿದ ದೀಪಗಳು ರಾತ್ರಿ ಆ ಗುಡಿಯಲ್ಲಿ ಕೂಡಿ ಮಾತಾಡುತ್ತಿದ್ದವು. ಅವನ ಮನೆಯ ದೀಪ ತಡವಾಗಿ ಬಂದು ನಡೆದದ್ದನ್ನು ಹೇಳಿತು. ಗಂಡ ಕೇಳಿಸಿಕೊಂಡು ಮನೆಗೆ ಓಡಿಬಂದು, ಆ ಕಥೆ, ಆ ಹಾಡು ಯಾವುದು ಎಂದು ಕೇಳಿದ. ಆಕೆ, ಯಾವ ಕಥೆ, ಯಾವ ಹಾಡು ಎಂದಳು. ಆಕೆಗೆ ಮರೆತುಹೋಗಿತ್ತು.

ಈ ಕಥೆಯನ್ನು ಓದಿದಾಗಲೆಲ್ಲ “ಮರತೀನ್ರಿ ಸರ” ಎಂದ ಆ ಹುಡುಗಿಯ ಮುಖ ನನಗೆ ನೆನಪಾಗುತ್ತದೆ. ಇದರ ನೀತಿ ಏನೆಂದು ನಾನು ಬರೆಯುವುದಿಲ್ಲ. ಈ ದೀಪಾವಳಿಗೆ ನಮ್ಮ ಮಕ್ಕಳ ವಹಿಗಳು ತುಂಬಿ ಬರಲಿ. ಅವುಗಳಲ್ಲಿ ಎಲ್ಲಿಯಾದರೂ ಏಳು ಜನ ಅಣ್ಣಂದಿರ ತಂಗಿ ಕೊಡ ಹಿಡಿದು ಬಾವಿಗೆ ಹೋಗುವುದು ಕಂಡರೆ, ದಯವಿಟ್ಟು ಆ ವಹಿಯನ್ನು ಮೊದಲು ನನಗೆ ತೋರಿಸಿರಿ.